ಮನೆಮಂದಿಯ ವಾಕಿಟಾಕಿ: ಒಪ್ಪಾವುದು, ತಪ್ಪಾವುದು?

ಶಿವಮೊಗ್ಗೆ ಜಿಲ್ಲೆಯ ಮಲೆನಾಡಿನಿಂದ ನಮ್ಮ ವಾಚಕರೊಬ್ಬರು ಬರೆದ ಓಲೆಯೊಂದು ಕಳೆದ ವಾರ ನಮ್ಮ ಕೈಸೇರಿತು. ಅವರು ಅಡಕೆಯ ಕೃಷಿಕರು. ಮನೆಯಿಂದ ತೋಟಕ್ಕೆ ಒಂದು ಮೈಲಿಯಷ್ಟು ಇಳಿಜಾರಿನ ದಾರಿ. ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಎರಡು ದಿನ ವಿದ್ಯುತ್ತು ಹೋಯಿತೆಂದರೆ ಮೊಬೈಲು ಗೋಪುರವೂ ಮೂಕವಾಗಿ, ಕೈಯಲ್ಲಿರುವ ಫೋನು ಬರಿಯ ಗಡಿಯಾರವಾಗಿ ಉಳಿಯುತ್ತದೆಂದು ಅವರು ಬರೆದಿದ್ದಾರೆ. ಎಪ್ಪತ್ತು ದಾಟಿದ ಅವರ ತಂದೆಯವರು ಹಿಂದಿನ ಶ್ರಾವಣದಲ್ಲಿ ತೋಟದ ಪಾಚಿಯ ಮೇಲೆ ಜಾರಿಬಿದ್ದು, ಎದ್ದು ನಿಲ್ಲಲಾರದೆ, ಸುರಿಯುವ ಮಳೆಯಲ್ಲಿ ಮಧ್ಯಾಹ್ನವೆಲ್ಲ ಬಿದ್ದುಕೊಂಡಿದ್ದರಂತೆ. ಮನೆಯವರಿಗೆ ಸುದ್ದಿ ತಿಳಿದುದು ದೀಪ ಹಚ್ಚುವ ಹೊತ್ತಿಗೆ. ಈ ಸಂಗತಿಯನ್ನು ಕೇಳಿ ಮರುಗಿದ ಸೋದರಳಿಯನೊಬ್ಬನು ಅಮೆರಿಕದಿಂದ ರಜೆಗೆ ಬರುವಾಗ ಒಂದು ಜೊತೆ ವಾಕಿಟಾಕಿಗಳನ್ನು ತಂದುಕೊಟ್ಟನು. ಒಂದು ಮನೆಯ ಗೂಟಕ್ಕೆ, ಇನ್ನೊಂದು ಮುದುಕರ ಸೊಂಟಕ್ಕೆ. ಹದಿನೈದು ದಿನ ಸುಖವಾಗಿ ನಡೆಯಿತು. ಬಳಿಕ ಊರಿಗೆ ಬಂದ ಸರ್ಕಾರಿ ನೌಕರರೊಬ್ಬರು ಅದನ್ನು ಕಂಡು, ಇದಕ್ಕೆ ಪರವಾನಿಗೆ ಎಲ್ಲಿ, ಪೊಲೀಸರ ಕಣ್ಣಿಗೆ ಬಿದ್ದರೆ ಸೆರೆಮನೆಯೇ ಗತಿ ಎಂದು ಹೆದರಿಸಿ ಹೋದರು. ಅಂದಿನಿಂದ ಆ ಜೊತೆ ಪೆಟ್ಟಿಗೆಯಲ್ಲಿ ಬೀಗದೊಳಗಿದೆ. ‘ಅಪ್ಪ ತೋಟದಲ್ಲಿದ್ದಾರೋ, ಮನೆಗೆ ಹೊರಟರೋ ಎಂದು ಕೇಳುವುದೂ ಅಪರಾಧವೇ ಸ್ವಾಮಿ?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ಆ ನೌಕರರು ಹೇಳಿದುದು ಪೂರ್ಣವಾಗಿ ಸುಳ್ಳಲ್ಲ, ಪೂರ್ಣವಾಗಿ ನಿಜವೂ ಅಲ್ಲ. ಈ ವಿಷಯದಲ್ಲಿ ನಮ್ಮ ಜನತೆಗೆ ಮಾತ್ರವೇ ಅಲ್ಲ, ಅಧಿಕಾರಿವರ್ಗದಲ್ಲಿ ಅನೇಕರಿಗೂ ಸ್ಪಷ್ಟವಾದ ತಿಳುವಳಿಕೆ ಇಲ್ಲವೆಂಬುದು ನಮ್ಮ ವಿಚಾರಣೆಯಿಂದ ಗೊತ್ತಾಯಿತು. ಕಾಯಿದೆ ತಿಳಿಯದ ಪ್ರಜೆ ಹೆದರುತ್ತಾನೆ. ಕಾಯಿದೆ ತಿಳಿಯದ ಅಧಿಕಾರಿ ಹೆದರಿಸುತ್ತಾನೆ. ಇವೆರಡರ ನಡುವೆ ನಿಜವಾದ ಅಪರಾಧಿ ನಿಶ್ಚಿಂತನಾಗಿ ವ್ಯಾಪಾರ ನಡೆಸುತ್ತಾನೆ. ಆದುದರಿಂದ ಈ ವಿಷಯವನ್ನು ಬುಡದಿಂದ ಬಿಡಿಸಿ ನೋಡುವುದು ಅವಶ್ಯವೆಂದು ನಾವು ಭಾವಿಸಿದ್ದೇವೆ.

ಮೊದಲು ಯಂತ್ರದ ಸ್ವರೂಪವೇನು? ವಾಕಿಟಾಕಿಯೆಂಬುದು ಒಂದೇ ಕರಡಿಗೆಯಲ್ಲಿ ಅಡಗಿದ ಪ್ರಸಾರಯಂತ್ರ ಮತ್ತು ಗ್ರಾಹಕಯಂತ್ರ. ಗುಂಡಿಯನ್ನು ಒತ್ತಿ ಹಿಡಿದರೆ ನಾವು ಆಡುತ್ತೇವೆ, ಬಿಟ್ಟರೆ ಕೇಳುತ್ತೇವೆ. ಇಬ್ಬರೂ ಏಕಕಾಲದಲ್ಲಿ ಆಡಲಾಗದು. ನಡುವೆ ಗೋಪುರವಿಲ್ಲ, ತಂತಿಯಿಲ್ಲ, ಕಂಪನಿಯಿಲ್ಲ, ತಿಂಗಳ ಬಿಲ್ಲೂ ಇಲ್ಲ. ಒಬ್ಬನ ಕೈಯಿಂದ ಹೊರಟ ತರಂಗವು ನೇರವಾಗಿ ಇನ್ನೊಬ್ಬನ ಕೈಗೆ ಹೋಗುತ್ತದೆ. ಜಗತ್ತಿನ ಗೋಪುರಗಳೆಲ್ಲ ಉರುಳಿದರೂ ಈ ಎರಡು ಪೆಟ್ಟಿಗೆಗಳು ಮಾತನಾಡಬಲ್ಲವು. ಇದರ ಬಲವಿರುವುದು ಇಲ್ಲಿಯೇ.

ಇದರ ಮಿತಿಯನ್ನೂ ಅರಿತಿರಬೇಕು. ಮನೆಮಂದಿಗೆಂದು ಮಾಡಿದ ಇಂತಹ ಯಂತ್ರಗಳ ಶಕ್ತಿ ಸಾಮಾನ್ಯವಾಗಿ ಅರ್ಧ ವಾಟ್. ಇವು ಬಳಸುವ ತರಂಗಗಳು ಬೆಳಕಿನಂತೆ ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ನಿಲ್ಲುತ್ತವೆ, ದಟ್ಟವಾದ ಕಾಡಿನಲ್ಲಿಯೂ ಸಿಮೆಂಟಿನ ಗೋಡೆಗಳ ನಡುವೆಯೂ ಸೊರಗುತ್ತವೆ. ಬಟ್ಟಬಯಲಿನಲ್ಲಿ ನಿಂತ ಆಳಿನ ಕಣ್ಣಿಗೆ ದಿಗಂತವಿರುವುದು ಸುಮಾರು ೪.೫ ಕಿಲೋಮೀಟರು ದೂರದಲ್ಲಿ. ಅದೇ ಮನುಷ್ಯನು ೧೦೦ ಮೀಟರು ಎತ್ತರದ ಗುಡ್ಡವನ್ನೇರಿದರೆ ಅದು ೩೫ ಕಿಲೋಮೀಟರನ್ನು ಮುಟ್ಟುತ್ತದೆ. ರೇಡಿಯೋ ತರಂಗದ ಲೆಕ್ಕವೂ ಹೆಚ್ಚುಕಡಿಮೆ ಇದೇ. ಪೆಟ್ಟಿಗೆಯ ಮೇಲೆ ‘ಮೂವತ್ತೈದು ಮೈಲಿ’ ಎಂದು ಅಚ್ಚು ಮಾಡಿರುವ ವ್ಯಾಪಾರಿಯು ಎರಡು ಬೆಟ್ಟಗಳ ನೆತ್ತಿಯ ಮೇಲೆ ಇಬ್ಬರನ್ನು ನಿಲ್ಲಿಸಿ ಹೇಳಿದ ಮಾತದು. ಬೆಂಗಳೂರಿನ ಬೀದಿಗಳಲ್ಲಿ ಅರ್ಧ ಕಿಲೋಮೀಟರು, ಹಳ್ಳಿಯ ಬಯಲಿನಲ್ಲಿ ಒಂದೆರಡು ಕಿಲೋಮೀಟರು ದೊರೆತರೆ ತೃಪ್ತಿಪಡಬೇಕು. ಇನ್ನೊಂದು ಭ್ರಮೆಯನ್ನೂ ಕಳೆಯಬೇಕು. ಕೆಲವು ಯಂತ್ರಗಳಲ್ಲಿ ‘ಪ್ರೈವಸಿ ಕೋಡ್’ ಎಂಬ ಏರ್ಪಾಡಿರುತ್ತದೆ. ಅದು ಅನ್ಯರ ಮಾತು ನಮ್ಮ ಕಿವಿಗೆ ಬೀಳದಂತೆ ತಡೆಯುತ್ತದೆಯೇ ಹೊರತು, ನಮ್ಮ ಮಾತು ಅನ್ಯರ ಕಿವಿಗೆ ಬೀಳದಂತೆ ತಡೆಯುವುದಿಲ್ಲ. ಇಲ್ಲಿ ಆಡಿದ ಮಾತು ಊರ ಕಟ್ಟೆಯ ಮೇಲೆ ಆಡಿದ ಮಾತಿನಂತೆಯೇ.

ಇನ್ನು ಕಾಯಿದೆಯ ಮಾತು. ೧೮೮೫ರ ತಂತಿ ಕಾಯಿದೆಯು ಸಂದೇಶ ಸಾಗಿಸುವ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕಟ್ಟಿಕೊಟ್ಟಿತು. ೧೯೩೩ರ ನಿಸ್ತಂತು ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೇಡಿಯೋ ಯಂತ್ರವನ್ನು ಬಳಸುವುದಿರಲಿ, ಪರವಾನಿಗೆಯಿಲ್ಲದೆ ಇಟ್ಟುಕೊಂಡಿರುವುದನ್ನೇ ಅಪರಾಧವನ್ನಾಗಿ ಮಾಡಿತು. ಮೊದಲ ತಪ್ಪಿಗೆ ನೂರು ರೂಪಾಯಿ, ಮತ್ತೆ ಮಾಡಿದರೆ ಇನ್ನೂರೈವತ್ತು ರೂಪಾಯಿಯವರೆಗೆ ದಂಡ. ಪ್ರಸಾರಯಂತ್ರವಾದರೆ ಮೂರು ವರ್ಷದವರೆಗೆ ಸೆರೆಯನ್ನೂ ವಿಧಿಸಬಹುದೆಂದು ಮುಂದಿನ ತಿದ್ದುಪಡಿಯೊಂದು ಸೇರಿಸಿತು. ಮಲೆನಾಡಿನ ಆ ನೌಕರರ ಬಾಯಲ್ಲಿ ಬಂದ ಸೆರೆಮನೆಯ ಮಾತಿಗೆ ಮೂಲ ಇದು. ನಮ್ಮ ಪ್ರಾಯದವರಿಗೆ ಈ ಕಾಯಿದೆಯ ನೆರಳು ಇನ್ನೊಂದು ರೂಪದಲ್ಲಿ ನೆನಪಿರಬೇಕು. ಹಾಡು ಕೇಳುವ ರೇಡಿಯೋಗೂ ಆಗ ಲೈಸೆನ್ಸು ಬೇಕಾಗಿತ್ತು. ನಮ್ಮ ತಂದೆಯವರು ವರ್ಷಕ್ಕೊಮ್ಮೆ ಚಿಕ್ಕ ಪುಸ್ತಕವೊಂದನ್ನು ಹಿಡಿದು ಅಂಚೆಕಚೇರಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ೧೯೮೦ರ ದಶಕದಲ್ಲಿ ಆ ಲೈಸೆನ್ಸು ರದ್ದಾಯಿತು. ರದ್ದಾದುದರಿಂದ ರಾಜ್ಯವೇನೂ ಮುಳುಗಲಿಲ್ಲ.

ಸ್ವತಂತ್ರ ಭಾರತವು ಈ ಹಳೆಯ ಕಾಯಿದೆಗಳ ಜಾಗದಲ್ಲಿ ಹೊಸತನ್ನು ತರಲು ೨೦೨೩ರ ಡಿಸೆಂಬರಿನವರೆಗೆ ಕಾಯಬೇಕಾಯಿತು. ಆಗ ಅಂಗೀಕಾರವಾದ ದೂರಸಂಪರ್ಕ ಅಧಿನಿಯಮದ ಭಾಗಗಳು ೨೦೨೪ರ ಜೂನ್ ತಿಂಗಳಿನಿಂದ ಒಂದೊಂದಾಗಿ ಜಾರಿಗೆ ಬರತೊಡಗಿದವು. ರೇಡಿಯೋ ಉಪಕರಣವನ್ನು ಇಟ್ಟುಕೊಳ್ಳಲು ಅನುಮತಿ ಬೇಕೆಂಬ ಮೂಲಸೂತ್ರ ಹೊಸ ಅಧಿನಿಯಮದಲ್ಲಿಯೂ ಇದೆ. ಆದರೆ ವಿನಾಯಿತಿ ಕೊಡುವ ಅಧಿಕಾರವನ್ನೂ ಅದು ಸರ್ಕಾರದ ಕೈಯಲ್ಲಿಟ್ಟಿದೆ.

ಅಂತಹ ವಿನಾಯಿತಿಗಳು ಈ ಅಧಿನಿಯಮಕ್ಕಿಂತ ಮುಂಚೆಯೇ ಬಂದಿವೆ ಎಂಬುದು ಬಹುಜನರಿಗೆ ತಿಳಿಯದ ಸಂಗತಿ. ೨೦೦೫ರ ನಿಯಮದಿಂದ ೨೭ ಮೆಗಾಹರ್ಟ್ಸಿನ ಸುತ್ತಿನ ‘ನಾಗರಿಕ ಪಟ್ಟಿ’ಯಲ್ಲಿ ೫ ವಾಟಿನವರೆಗಿನ ಯಂತ್ರಗಳಿಗೆ ಪರವಾನಿಗೆಯ ಅಗತ್ಯ ತಪ್ಪಿತು. ೨೦೧೮ರ ನಿಯಮದಿಂದ ೪೪೬.೦ ರಿಂದ ೪೪೬.೨ ಮೆಗಾಹರ್ಟ್ಸಿನ ನಡುವೆ, ಅರ್ಧ ವಾಟಿನ ಮಿತಿಯೊಳಗೆ ಕೆಲಸ ಮಾಡುವ ಕೈ ವಾಕಿಟಾಕಿಗಳಿಗೂ ಅದೇ ಮುಕ್ತಿ ದೊರೆಯಿತು. ಯಂತ್ರದ ಮಾದರಿಗೆ ಕೇಂದ್ರದ ನಿಸ್ತಂತು ವಿಭಾಗದ ಒಪ್ಪಿಗೆ ಪಡೆದಿರಬೇಕು. ಅದು ತಯಾರಿಸುವವನ ಅಥವಾ ಆಮದು ಮಾಡುವವನ ಹೊಣೆ. ಹೀಗೆ ಒಪ್ಪಿಗೆ ಪಡೆದ ೪೪೬ರ ಯಂತ್ರವನ್ನು ಕೊಂಡ ಪ್ರಜೆಯು ಯಾವ ಕಚೇರಿಯ ಬಾಗಿಲನ್ನೂ ತಟ್ಟಬೇಕಾಗಿಲ್ಲ, ಯಾರ ಸಲಾಮನ್ನೂ ಹೊಡೆಯಬೇಕಾಗಿಲ್ಲ.

ಹಾಗಾದರೆ ನಮ್ಮ ಮಲೆನಾಡಿನ ಮಿತ್ರರ ಗತಿಯೇನು? ಅವರ ಸೋದರಳಿಯನು ತಂದುದು ಅಮೆರಿಕದ ‘ಫ್ಯಾಮಿಲಿ ರೇಡಿಯೋ ಸರ್ವಿಸ್’ ಯಂತ್ರ. ಅದು ಮಾತನಾಡುವುದು ೪೬೨ ಮತ್ತು ೪೬೭ ಮೆಗಾಹರ್ಟ್ಸುಗಳಲ್ಲಿ. ಅಲ್ಲಿ ಅದಕ್ಕೆ ಯಾವ ಪರವಾನಿಗೆಯೂ ಬೇಡ. ಇಲ್ಲಿ ಆ ಜಾಗವು ಮುಕ್ತವಾದವುಗಳ ಪಟ್ಟಿಯಲ್ಲಿಲ್ಲ. ಕಣ್ಣಿಗೆ ಎರಡೂ ಒಂದೇ ಬಗೆಯ ಪೆಟ್ಟಿಗೆ, ಬೆಲೆಯೂ ಹೆಚ್ಚುಕಡಿಮೆ ಒಂದೇ, ಅಪಾಯವೂ ಅಷ್ಟೇ ಅತ್ಯಲ್ಪ. ಆದರೂ ಒಂದು ಒಪ್ಪು, ಇನ್ನೊಂದು ತಪ್ಪು. ಇದು ಅಧಿಕಾರಿಗಳ ಹಠವೆಂದು ನಾವು ಹೇಳಲಾರೆವು. ಆಕಾಶವು ಒಂದೇ ಆದರೂ ಅದನ್ನು ಹೊಲದಂತೆ ಬದುಗಳಿಂದ ಹಂಚಿಕೊಳ್ಳದಿದ್ದರೆ ಒಬ್ಬನ ಮಾತಿನ ಮೇಲೆ ಇನ್ನೊಬ್ಬನ ಮಾತು ಬಿದ್ದು ಇಬ್ಬರದೂ ಕೆಡುತ್ತದೆ. ಒಂದು ದೇಶವು ಮನೆಮಂದಿಗೆ ಬಿಟ್ಟ ಬದುವಿನಲ್ಲಿ ಇನ್ನೊಂದು ದೇಶದವರು ಬೇರೆಯ ಕೆಲಸ ಇಟ್ಟುಕೊಂಡಿರಬಹುದು. ಆದುದರಿಂದ ನಮ್ಮ ಮಿತ್ರರಿಗೆ ನಾವು ನೋವಿನಿಂದಲೇ ಹೇಳಬೇಕಾಗಿದೆ: ಆ ಜೊತೆಯನ್ನು ಬಳಸಬೇಡಿರಿ. ಒಪ್ಪಿಗೆ ಪಡೆದ ೪೪೬ರ ಜೊತೆಯೊಂದನ್ನು ಕೊಂಡು ಧೈರ್ಯವಾಗಿ ತಂದೆಯವರ ಸೊಂಟಕ್ಕೆ ಕಟ್ಟಿರಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಬಂಧುಗಳೂ ಊರಿಗೆ ಉಡುಗೊರೆ ತರುವ ಮುನ್ನ ಪೆಟ್ಟಿಗೆಯ ಮೇಲಿನ ಅಂಕಿಯನ್ನೊಮ್ಮೆ ಓದಿಕೊಳ್ಳುವುದು ಲೇಸು.

ಕಾಯಿದೆಯ ಅಕ್ಷರ ಇಷ್ಟಾಯಿತು. ಅದರ ಹಿಂದಿನ ಮನೋಭಾವವನ್ನು ಕುರಿತು ಎರಡು ಮಾತು ಆಡಬೇಕಾಗಿದೆ. ೧೯೩೩ರ ಕಾಯಿದೆಯನ್ನು ಮಾಡಿದುದು ಪರಕೀಯ ಪ್ರಭುತ್ವ. ಪ್ರಜೆಗಳು ತಮ್ಮತಮ್ಮೊಳಗೆ ದೂರದಿಂದ ಮಾತನಾಡುವುದೆಂದರೆ ಅದಕ್ಕೆ ಸಂಶಯ. ಆ ಸಂಶಯವು ಎಲ್ಲಿಗೆ ಮುಟ್ಟಿತೆಂಬುದಕ್ಕೆ ೧೯೪೨ರ ಕಾಂಗ್ರೆಸ್ ರೇಡಿಯೋ ಸಾಕ್ಷಿ. ಆಗಸ್ಟ್ ೨೭ರಂದು ಮುಂಬಯಿಯ ಗುಪ್ತಸ್ಥಳವೊಂದರಿಂದ ೪೨.೩೪ ಮೀಟರುಗಳಲ್ಲಿ ಅದರ ಧ್ವನಿ ಹೊರಟಿತು. ಇಪ್ಪತ್ತೆರಡು ವಯಸ್ಸಿನ ಉಷಾ ಮೆಹತಾ ಮತ್ತು ಸಂಗಡಿಗರು ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸುತ್ತ, ಪೊಲೀಸರ ಶೋಧಕ ವಾಹನಗಳ ಕಣ್ಣುತಪ್ಪಿಸುತ್ತ, ಪತ್ರಿಕೆಗಳು ಅಚ್ಚು ಮಾಡಲಾರದ ಸುದ್ದಿಯನ್ನು ದೇಶಕ್ಕೆ ಮುಟ್ಟಿಸಿದರು. ನವೆಂಬರ್ ೧೨ರಂದು ಅವರು ಸೆರೆಸಿಕ್ಕಿದರು. ಉಷಾ ಮೆಹತಾ ಅವರಿಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು. ಪರವಾನಿಗೆಯಿಲ್ಲದ ಆ ಪುಟ್ಟ ಯಂತ್ರವನ್ನು ಇಂದು ನಾವು ಪೂಜ್ಯಭಾವದಿಂದ ಸ್ಮರಿಸುತ್ತೇವೆ.

ನಮ್ಮ ನಾಡಿನಲ್ಲಿಯೇ ಇದಕ್ಕೆ ವಿರುದ್ಧವಾದ, ಉದಾರವಾದ ಮೇಲ್ಪಂಕ್ತಿಯೊಂದಿದೆ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ೩೦ ವಾಟಿನ ಪ್ರಸಾರಯಂತ್ರವನ್ನು ಸ್ಥಾಪಿಸಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿ ಮೊಳೆತು, ಮುಂದೆ ಇಡೀ ದೇಶದ ರೇಡಿಯೋಗೆ ಹೆಸರಾಯಿತು. ಒಬ್ಬ ಮೇಷ್ಟರ ಮನೆಯ ಯಂತ್ರಕ್ಕೆ ಮೈಸೂರು ಸಂಸ್ಥಾನ ಹೆದರಲಿಲ್ಲ, ಅದನ್ನು ಬೆಳೆಯಗೊಟ್ಟಿತು. ಆ ೩೦ ವಾಟಿನ ಅರವತ್ತನೆಯ ಒಂದು ಪಾಲು ಶಕ್ತಿಯ ಪೆಟ್ಟಿಗೆಯನ್ನು ಹಿಡಿದ ರೈತನನ್ನು ಕಂಡು ಸ್ವರಾಜ್ಯದ ನೌಕರರು ಬೆಚ್ಚುವುದೆಂದರೆ ನಗುವುದೋ ಅಳುವುದೋ ತಿಳಿಯದಾಗಿದೆ.

ಅನ್ಯದೇಶಗಳ ಅನುಭವವೇನೆಂದು ನೋಡೋಣ. ಅಮೆರಿಕದಲ್ಲಿ ೨೭ ಮೆಗಾಹರ್ಟ್ಸಿನ ನಾಗರಿಕ ಪಟ್ಟಿ ೧೯೫೮ರಲ್ಲಿ ತೆರೆಯಿತು. ಆಗ ಅದಕ್ಕೆ ಲೈಸೆನ್ಸು ಬೇಕಾಗಿತ್ತು. ೧೯೭೩ರಲ್ಲಿ ಪೆಟ್ರೋಲಿನ ಅಭಾವ ಬಂದು, ಹೆದ್ದಾರಿಯಲ್ಲಿ ಗಂಟೆಗೆ ೫೫ ಮೈಲಿಯ ಮಿತಿ ವಿಧಿಸಲ್ಪಟ್ಟಾಗ, ಲಾರಿ ಚಾಲಕರು ಎಣ್ಣೆ ಎಲ್ಲಿ ದೊರೆಯುವುದು, ಪೊಲೀಸರು ಎಲ್ಲಿ ಕುಳಿತಿದ್ದಾರೆ ಎಂಬುದನ್ನು ಒಬ್ಬರಿಗೊಬ್ಬರು ಇದರಲ್ಲಿ ಸಾರತೊಡಗಿದರು. ಅವರಿಂದ ಈ ಗೀಳು ಮನೆಮನೆಗೂ ಹಬ್ಬಿತು. ಅರ್ಜಿಗಳ ರಾಶಿಯಲ್ಲಿ ಇಲಾಖೆ ಹೂತುಹೋಯಿತು. ಲೈಸೆನ್ಸಿನ ಗೊಡವೆಗೇ ಹೋಗದೆ ಮಾತನಾಡುವವರಂತೂ ಲೆಕ್ಕಕ್ಕೇ ಸಿಗಲಿಲ್ಲ. ಕೊನೆಗೆ ೧೯೮೩ರಲ್ಲಿ ಲೈಸೆನ್ಸನ್ನೇ ತೆಗೆದುಹಾಕಿದರು. ಪಾಲಿಸಲಾಗದ ಕಾಯಿದೆಯು ಕಾಯಿದೆಯ ಗೌರವವನ್ನೇ ಕಳೆಯುತ್ತದೆಂಬುದು ಅಲ್ಲಿಯ ಮೊದಲ ಪಾಠ. ಎರಡನೆಯ ಪಾಠವನ್ನೂ ಮರೆಮಾಚಲಾಗದು. ಶಿಸ್ತು ತಪ್ಪಿದಲ್ಲಿ ಅಶ್ಲೀಲದ ಮಾತು, ಮಿತಿಮೀರಿದ ಶಕ್ತಿಯ ಯಂತ್ರಗಳು, ನೆರೆಮನೆಯ ಟೆಲಿವಿಷನ್ನಿಗೆ ಉಪದ್ರವ ಇವೂ ಹಿಂಬಾಲಿಸಿ ಬಂದವು.

ಈ ಅನುಭವವನ್ನು ಮುಂದಿಟ್ಟುಕೊಂಡು ಅವರು ೧೯೯೬ರಲ್ಲಿ ಕುಟುಂಬ ರೇಡಿಯೋ ಸೇವೆಯನ್ನು ಏರ್ಪಡಿಸಿದರು. ಹದಿನಾಲ್ಕು ಚಾನೆಲುಗಳು, ಅರ್ಧ ವಾಟ್ ಶಕ್ತಿ, ಆಂಟೆನಾವನ್ನು ಬಿಚ್ಚಿ ದೊಡ್ಡದನ್ನು ಹಾಕಲಾಗದ ರಚನೆ, ಲೈಸೆನ್ಸು ಬೇಡ. ೨೦೧೭ರಲ್ಲಿ ಚಾನೆಲುಗಳನ್ನು ಇಪ್ಪತ್ತೆರಡಕ್ಕೆ ಏರಿಸಿ, ಅವುಗಳಲ್ಲಿ ಹಲವಕ್ಕೆ ೨ ವಾಟಿನವರೆಗೆ ಅನುಮತಿ ಕೊಟ್ಟರು. ಇದಕ್ಕಿಂತ ಹೆಚ್ಚು ದೂರ ಬೇಕೆಂಬ ಕುಟುಂಬಗಳಿಗಾಗಿ ಇನ್ನೊಂದು ಸೇವೆ ಇದೆ. ಅದಕ್ಕೆ ಲೈಸೆನ್ಸು ಬೇಕು, ಆದರೆ ಪರೀಕ್ಷೆಯಿಲ್ಲ. ೨೦೨೨ರಲ್ಲಿ ಅದರ ಶುಲ್ಕವನ್ನು ೭೦ ಡಾಲರಿನಿಂದ ೩೫ಕ್ಕೆ ಇಳಿಸಿದರು. ಅವಧಿ ಹತ್ತು ವರ್ಷ. ಒಬ್ಬನು ಪಡೆದ ಲೈಸೆನ್ಸು ಅವನ ಹೆಂಡತಿ ಮಕ್ಕಳಿಗೆ ಮಾತ್ರವಲ್ಲ, ತಂದೆತಾಯಿ, ಅಜ್ಜ ಅಜ್ಜಿ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಚಿಕ್ಕಪ್ಪ, ಅತ್ತೆ, ಸೋದರಳಿಯ, ಬೀಗರಿಗೂ ಸಲ್ಲುತ್ತದೆ. ಅವಿಭಕ್ತ ಕುಟುಂಬವೆಂಬುದು ನಮ್ಮ ಸೊತ್ತೆಂದು ಹೆಮ್ಮೆಪಡುವ ನಾವು, ಅದಕ್ಕೆ ಒಪ್ಪುವ ಕಾಯಿದೆಯನ್ನು ಅಮೆರಿಕದವರ ಪುಸ್ತಕದಲ್ಲಿ ಓದಬೇಕಾಗಿದೆ!

ಯುರೋಪಿನ ರಾಷ್ಟ್ರಗಳು ೧೯೯೮ರಲ್ಲಿ ಕೂಡಿ ನಿರ್ಣಯಿಸಿ ೪೪೬ರ ಪಟ್ಟಿಯನ್ನು ಜನಸಾಮಾನ್ಯರಿಗೆ ಬಿಟ್ಟುಕೊಟ್ಟವು. ಒಂದು ದೇಶದಲ್ಲಿ ಕೊಂಡ ಯಂತ್ರ ನೆರೆಯ ದೇಶದಲ್ಲಿಯೂ ನಡೆಯುವಂತಾಯಿತು. ನಾವು ೨೦೧೮ರಲ್ಲಿ ಹಿಡಿದುದು ಅದೇ ದಾರಿ. ಇಪ್ಪತ್ತು ವರ್ಷ ತಡವಾಯಿತು. ಆದರೂ ಹಿಡಿದ ದಾರಿ ಒಳ್ಳೆಯದೇ. ಆಸ್ಟ್ರೇಲಿಯದವರು ಇದಕ್ಕಿಂತ ಮುಂದೆ ಹೋಗಿದ್ದಾರೆ. ಅಲ್ಲಿ ೪೭೭ ಮೆಗಾಹರ್ಟ್ಸಿನ ನಾಗರಿಕ ಪಟ್ಟಿಯಲ್ಲಿ ೫ ವಾಟಿನವರೆಗೆ ಅನುಮತಿಯಿದೆ. ಗುಡ್ಡಗಳ ಮೇಲೆ ಮರುಪ್ರಸಾರ ಕೇಂದ್ರಗಳನ್ನು ನೆಡಲಾಗಿದೆ. ಎರಡು ಚಾನೆಲುಗಳನ್ನು ಆಪತ್ತಿನ ಕರೆಗೆಂದೇ ಮೀಸಲಾಗಿಟ್ಟಿದ್ದಾರೆ. ಮೊಬೈಲು ಗೋಪುರ ಕಾಣದ ವಿಶಾಲ ಹುಲ್ಲುಗಾವಲುಗಳಲ್ಲಿ ರೈತನಿಗೂ ಲಾರಿಯವನಿಗೂ ಇದು ನಿತ್ಯದ ಸಾಧನ. ಮಲೆನಾಡಿನ ಕಣಿವೆಗಳಿಗೆ ಯಾವ ಮಾದರಿ ಹೊಂದುವುದೆಂಬುದನ್ನು ಹೇಳಲು ದೊಡ್ಡ ಪಂಡಿತರು ಬೇಕಾಗಿಲ್ಲ.

ಇನ್ನು ಸರ್ಕಾರದ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಂತರ್ಜಾಲದ ಮೂಲಕ ವ್ಯಾಪಾರ ಮಾಡುವ ಹದಿಮೂರು ಸಂಸ್ಥೆಗಳಿಗೆ ನೋಟೀಸು ಕೊಟ್ಟಿತು. ವಾಕಿಟಾಕಿಗಳಿಗೆ ಸಂಬಂಧಿಸಿದ ೧೬,೯೭೦ ಮಾರಾಟದ ನಮೂದುಗಳು ಅದರ ಗಮನಕ್ಕೆ ಬಂದಿದ್ದವು. ಯಾವ ಆವರ್ತನದಲ್ಲಿ ಯಂತ್ರ ಕೆಲಸ ಮಾಡುತ್ತದೆ, ಲೈಸೆನ್ಸು ಬೇಕೇ ಬೇಡವೇ, ಮಾದರಿಗೆ ಒಪ್ಪಿಗೆ ಇದೆಯೇ ಎಂಬುದನ್ನು ಹೇಳದೆಯೇ ಸರಕನ್ನು ಮಾರಲಾಗುತ್ತಿತ್ತೆಂಬುದು ಆರೋಪ. ಅದೇ ತಿಂಗಳ ಕೊನೆಯಲ್ಲಿ ಮಾರಾಟಗಾರರಿಗೆ ಮಾರ್ಗಸೂಚಿಗಳೂ ಹೊರಟವು. ಆ ಖಾತೆಯನ್ನು ಹೊತ್ತಿರುವವರು ನಮ್ಮ ಧಾರವಾಡದ ಪ್ರತಿನಿಧಿಗಳಾದ ಪ್ರಹ್ಲಾದ ಜೋಶಿಯವರು. ಈ ಕ್ರಮವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ.

ಏಕೆಂದರೆ ಇಲ್ಲಿ ಅಪಾಯ ನಿಜವಾಗಿಯೂ ಇದೆ. ಪೇಟೆಯಲ್ಲಿ ಅಗ್ಗದ ಬೆಲೆಗೆ ದೊರೆಯುವ ಬಹಳಷ್ಟು ಯಂತ್ರಗಳು ೪೪೬ರ ಬದುವಿನೊಳಗೆ ಕಟ್ಟಿಹಾಕಿದವುಗಳಲ್ಲ. ಅವುಗಳ ಶಕ್ತಿ ಹಲವು ವಾಟ್. ಗುಂಡಿಗಳನ್ನು ಒತ್ತಿ ಯಾವ ಆವರ್ತನಕ್ಕೆ ಬೇಕಾದರೂ ತಿರುಗಿಸಬಹುದು. ಪೊಲೀಸರು, ಅಗ್ನಿಶಾಮಕದವರು ಮಾತನಾಡುವ ಜಾಗಕ್ಕೆ ಇಂತಹ ಯಂತ್ರ ಹಿಡಿದ ಹುಡುಗನೊಬ್ಬನು ತಿಳಿಯದೆ ನುಗ್ಗಿದರೂ ಅನಾಹುತವಾದೀತು. ತಿಳಿದು ನುಗ್ಗಿದರೆ ಹೇಳುವುದೇ ಬೇಡ. ದೇಶದ ಗಡಿಯಲ್ಲಿ ರಕ್ತ ಹರಿದ ವರ್ಷದಲ್ಲಿ ಸರ್ಕಾರವು ಈ ವಿಷಯದಲ್ಲಿ ಎಚ್ಚರ ವಹಿಸಿದುದು ತಪ್ಪೆಂದು ಯಾವ ದೇಶಾಭಿಮಾನಿಯೂ ಹೇಳಲಾರನು.

ಆದರೆ ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವುದು ವಿವೇಕವಲ್ಲ. ಅರ್ಧ ವಾಟಿನ, ಒಂದೆರಡು ಕಿಲೋಮೀಟರು ಹೋಗುವ, ಹಾದುಹೋಗುವವರೆಲ್ಲ ಕೇಳಬಹುದಾದ ಯಂತ್ರದಲ್ಲಿ ದ್ರೋಹಿಯು ಗುಟ್ಟು ಮಾತನಾಡುವನೆಂಬುದು ನಂಬತಕ್ಕ ಮಾತಲ್ಲ. ಗುಟ್ಟು ಬೇಕಾದವನಿಗೆ ಬೇರೆ ನೂರು ದಾರಿಗಳು ಇಂದು ತೆರೆದಿವೆ. ಅಪಾಯದ ಯಂತ್ರವನ್ನೂ ನಿರುಪದ್ರವಿಯಾದುದನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಆಗುವುದಿಷ್ಟೇ: ಪ್ರಾಮಾಣಿಕನು ಹೆದರಿ ಪೆಟ್ಟಿಗೆಗೆ ಬೀಗ ಹಾಕುತ್ತಾನೆ, ಅಪ್ರಾಮಾಣಿಕನು ಎಂದಿನಂತೆ ಬಳಸುತ್ತಾನೆ.

ಈ ಯಂತ್ರವು ಶೋಕಿಯ ವಸ್ತುವೆಂದು ಕೆಲವರು ಮೂಗುಮುರಿಯಬಹುದು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಒಂದು ಕಣಿವೆಯ ಜನರಿಗೆ ಇನ್ನೊಂದು ಕಣಿವೆಯ ಬಂಧುಗಳ ಸುದ್ದಿ ತಿಳಿಯದೆ ತಳಮಳಿಸಿದುದನ್ನು ನಾವು ಮರೆತಿಲ್ಲ. ೨೦೨೦ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಮಲೆನಾಡಿನ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಕೊಡೆ ಹಿಡಿದು ಕುಳಿತುದನ್ನು ನಾಡೆಲ್ಲ ಕಂಡಿದೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದುಹೋದಾಗ, ಹವ್ಯಾಸಿ ರೇಡಿಯೋ ಕಾರ್ಯಕ್ಕೆಂದು ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ತಮ್ಮ ಯಂತ್ರಗಳ ಮೂಲಕ ಬದುಕುಳಿದವರ ಸುದ್ದಿಯನ್ನು ದೇಶಕ್ಕೆ ತಲುಪಿಸಿದರು. ಹವ್ಯಾಸಿಗಳು ಪರೀಕ್ಷೆ ಮುಗಿಸಿ ಲೈಸೆನ್ಸು ಪಡೆದವರು. ಅವರ ವಿದ್ಯೆ ದೊಡ್ಡದು. ನಾವು ಬಯಸುವುದು ಅದರ ಕಿರಿಯ ತಂಗಿಯನ್ನು. ಓದು ಬಾರದ ಮುದುಕರೂ ಗುಂಡಿಯೊತ್ತಿ ‘ಮಗಾ, ಬಿದ್ದೆ, ಬಾ’ ಎನ್ನಬಹುದಾದಷ್ಟು ಸುಲಭವಾದ ಸಾಧನವನ್ನು.

ಆದುದರಿಂದ ಸರ್ಕಾರದ ಮುಂದೆ ನಾವು ನಾಲ್ಕು ಸೂಚನೆಗಳನ್ನಿಡುತ್ತೇವೆ.

ಮೊದಲನೆಯದು, ಯಾವುದು ಮುಕ್ತ, ಯಾವುದು ನಿಷಿದ್ಧ ಎಂಬುದನ್ನು ತಿಳಿಗನ್ನಡದಲ್ಲಿ ಒಂದು ಪುಟದಷ್ಟು ಅಚ್ಚು ಮಾಡಿಸಿ ತಾಲೂಕು ಕಚೇರಿ, ಪೊಲೀಸು ಠಾಣೆ, ಗ್ರಾಮ ಪಂಚಾಯಿತಿ, ಅಂಚೆಕಚೇರಿಗಳಲ್ಲಿ ತೂಗುಹಾಕಿಸಬೇಕು. ದೆಹಲಿಯ ಗೆಜೆಟ್ಟಿನಲ್ಲಿ ಪ್ರಕಟವಾದ ವಿನಾಯಿತಿಯು ತೀರ್ಥಹಳ್ಳಿಯ ರೈತನಿಗೆ ತಿಳಿಯದಿದ್ದರೆ, ಅದು ಕೊಟ್ಟೂ ಕೊಡದಂತೆ. ಇದಕ್ಕೆ ತಗಲುವ ಖರ್ಚು ಕಾಗದದ ಬೆಲೆ ಮಾತ್ರ.

ಎರಡನೆಯದು, ದಂಡನೆಯ ಭಾರ ಮೊದಲು ಬೀಳಬೇಕಾದುದು ಆಮದುದಾರನ ಮೇಲೆ, ಮಾರುವವನ ಮೇಲೆ. ತಿಳಿಯದೆ ಕೊಂಡ ಕುಟುಂಬಗಳಿಗೆ ಆರು ತಿಂಗಳ ಅವಧಿ ಕೊಟ್ಟು, ನಿಷಿದ್ಧ ಯಂತ್ರವನ್ನು ಯಾವ ಕೇಸೂ ಇಲ್ಲದೆ ಒಪ್ಪಿಸಲು ಅವಕಾಶ ಮಾಡಬೇಕು. ಪೆಟ್ಟಿಗೆಯ ಮೇಲೆ ಆವರ್ತನ, ಶಕ್ತಿ, ಒಪ್ಪಿಗೆಯ ಸಂಖ್ಯೆ ಈ ಮೂರನ್ನೂ ದೊಡ್ಡ ಅಂಕಿಗಳಲ್ಲಿ ಅಚ್ಚು ಮಾಡದ ಸರಕು ಅಂಗಡಿಯನ್ನು ಸೇರಕೂಡದು.

ಮೂರನೆಯದು, ೪೪೬ರ ಪಟ್ಟಿಯಲ್ಲಿ ಒಂದು ಚಾನೆಲನ್ನು ಆಪತ್ತಿನ ಕರೆಗೆಂದು ಗೊತ್ತುಮಾಡಿ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಮತ್ತು ಕರಾವಳಿಯ ಗ್ರಾಮ ಪಂಚಾಯಿತಿಗಳಲ್ಲಿ ಅದಕ್ಕೆ ಕಿವಿಗೊಟ್ಟಿರುವ ಏರ್ಪಾಡು ಮಾಡಬೇಕು. ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ರೂಢಿಯನ್ನು ಈ ಒಂದು ವಿಷಯದಲ್ಲಾದರೂ ಬಿಡೋಣ.

ನಾಲ್ಕನೆಯದು, ಗುಡ್ಡಗಾಡಿನ ತಾಲೂಕುಗಳಿಗಾಗಿ ಹೆಚ್ಚು ಶಕ್ತಿಯ, ಗುಡ್ಡದ ನೆತ್ತಿಯ ಮರುಪ್ರಸಾರ ಕೇಂದ್ರವುಳ್ಳ ಕುಟುಂಬ ಸೇವೆಯೊಂದನ್ನು ನಿಯಮಿಸಬೇಕು. ಅದಕ್ಕೆ ಲೈಸೆನ್ಸು ಇರಲಿ. ಆದರೆ ಅಲ್ಪ ಶುಲ್ಕದ್ದು, ಹತ್ತು ವರ್ಷದ್ದು, ಪರೀಕ್ಷೆಯಿಲ್ಲದ್ದು, ಮನೆಮಂದಿಗೆಲ್ಲ ಸಲ್ಲುವುದು ಆಗಿರಲಿ. ದೇಶದ ಗಡಿಯ ಜಿಲ್ಲೆಗಳಲ್ಲಿ ಭದ್ರತೆಗಾಗಿ ಬೇರೆ ಕಟ್ಟಳೆ ಬೇಕಾದರೆ ಅದಕ್ಕೆ ನಮ್ಮ ಆಕ್ಷೇಪವಿಲ್ಲ.

ಸರ್ಕಾರಕ್ಕೆ ಹೇಳಿ ಜನತೆಗೆ ಹೇಳದಿದ್ದರೆ ನಮ್ಮ ಕರ್ತವ್ಯ ಅರ್ಧವಾದೀತು. ಮುಕ್ತವಾದುದೆಂದರೆ ಯಾರ ಅಂಕೆಯೂ ಇಲ್ಲದ್ದೆಂದು ಅರ್ಥವಲ್ಲ. ಈ ಚಾನೆಲು ಊರ ಬಾವಿಯಂತೆ. ಒಬ್ಬನೇ ಹಗ್ಗ ಹಿಡಿದು ನಿಂತರೆ ಉಳಿದವರ ಕೊಡ ಬರಿದು. ಮೊದಲು ಕೇಳಿರಿ, ಬೇರೆಯವರು ಆಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಆಡಿರಿ, ಚಿಕ್ಕದಾಗಿ ಆಡಿರಿ. ಮನೆಯ ಒಡವೆಯ ಮಾತನ್ನೂ ಬ್ಯಾಂಕಿನ ಸಂಖ್ಯೆಯನ್ನೂ ಇದರಲ್ಲಿ ಹೇಳಬೇಡಿರಿ. ಮಕ್ಕಳ ಕೈಗೆ ಕೊಡುವ ಮುನ್ನ ಸಭ್ಯವಾದ ಮಾತನ್ನು ಕಲಿಸಿರಿ. ಹೆಚ್ಚು ದೂರದ ಆಸೆಗೆ ನಿಷಿದ್ಧ ಯಂತ್ರವನ್ನು ಕೊಳ್ಳಬೇಡಿರಿ. ನಾವು ಕಟ್ಟಳೆಯನ್ನು ಪಾಲಿಸಿದಷ್ಟೂ ಕಟ್ಟಳೆಯನ್ನು ಸಡಿಲಿಸಿರೆಂದು ಕೇಳುವ ನಮ್ಮ ಮಾತಿಗೆ ತೂಕ ಬರುತ್ತದೆ.

ಪರಕೀಯರ ಕಾಯಿದೆಯ ತಳಹದಿ ಸಂಶಯ. ಸ್ವರಾಜ್ಯದ ಕಾಯಿದೆಯ ತಳಹದಿ ವಿಶ್ವಾಸವಾಗಬೇಕು. ತೊಂಬತ್ತು ವರ್ಷಗಳ ಮೇಲೆ ಪುಸ್ತಕವನ್ನು ಬದಲಾಯಿಸಿದ್ದೇವೆ. ಅದನ್ನು ಹಿಡಿದಿರುವ ಕೈಯ ಅಭ್ಯಾಸವನ್ನೂ ಬದಲಾಯಿಸೋಣ. ಈ ವರ್ಷದ ಮುಂಗಾರಿನ ಮುನ್ನ ಮಲೆನಾಡಿನ ಆ ಮನೆಯ ಗೂಟಕ್ಕೆ ನ್ಯಾಯವಾದ ವಾಕಿಟಾಕಿಯೊಂದು ಮರಳಿ ಏರಲಿ. ಅದನ್ನು ಕಂಡ ಸರ್ಕಾರಿ ನೌಕರರು ಈ ಸಲ ಹೆದರಿಸದೆ, ‘ಅಂಕಿ ೪೪೬ ತಾನೇ? ಹಾಗಾದರೆ ಸರಿ’ ಎಂದು ಹೇಳಿ, ಮುದುಕರ ಕ್ಷೇಮವನ್ನು ವಿಚಾರಿಸಿ ಮುಂದೆ ಹೋಗುವಂತಾಗಲಿ. ಅಷ್ಟಾದರೆ ಈ ಲೇಖನಕ್ಕೆ ವ್ಯಯಿಸಿದ ಮಸಿ ಸಾರ್ಥಕವೆಂದು ನಾವು ತಿಳಿಯುವೆವು.